‘ಕಲ್ಯಾಣ ರಾಜ್ಯ’ಕ್ಕೆ ಬೇರೆ ಮಾತು ಇದೆಯೇ?

ಗೆಳೆಯರೇ,

ಮುಂಬೈಯ ಒಂದು ಕನ್ನಡ ಸಂಘದ ವಿಶೇಷಾಂಕಕ್ಕೆ ಲೇಖನ ಬರೆಯುತ್ತಿದ್ದೇನೆ. ಜಾಗತೀಕರಣ ಬಂದ ಮೇಲೆ ಪಿಂಚಣಿ, ವಿಮೆ, ಕೆಲಸದ ಖಾತರಿ ಇವೆಲ್ಲ ಏನಾದವು ಎಂಬುದು ವಿಷಯ. ಇಂಗ್ಲಿಷಿನ ‘ವೆಲ್ಫೇರ್ ಸ್ಟೇಟ್’ ಬಂದ ಕಡೆಯೆಲ್ಲ ನಾವು ‘ಕಲ್ಯಾಣ ರಾಜ್ಯ’ ಅಂತ ಬರೆಯುತ್ತೇವೆ. ‘ಸುಖೀ ರಾಜ್ಯ’ ಎಂದು ಬರೆದವರೂ ಇದ್ದಾರೆ. ನನಗೆ ಎರಡೂ ಒಗ್ಗುತ್ತಿಲ್ಲ. ಡೊಂಬಿವಲಿಯಲ್ಲಿ ಇರುವವನಿಗೆ ಕಲ್ಯಾಣ ಎಂದರೆ ಠಾಕುರ್ಲಿ ದಾಟಿದ ಮೇಲೆ ಬರುವ ಸ್ಟೇಶನ್. ಊರಿನವರಿಗೆ ಮದುವೆ ಮಂಟಪ. ತಮಾಷೆ ಇರಲಿ, ನನ್ನ ತಕರಾರು ಬೇರೆ.

ಕಲ್ಯಾಣ ಎಂದ ಕೂಡಲೇ ಕೊಡುವವನು ಮೇಲೆ ಕೂತಿದ್ದಾನೆ, ತಗೊಳ್ಳುವವನು ಕೆಳಗೆ ನಿಂತಿದ್ದಾನೆ ಅನಿಸುತ್ತದೆ. ದುಡ್ಡು ಯಾರದು ಎಂಬುದೇ ಮರೆಯಾಗುತ್ತದೆ. 1883ರಲ್ಲಿ ಜರ್ಮನಿಯಲ್ಲಿ ಬಿಸ್ಮಾರ್ಕ್ ಕಾಯಿಲೆ ವಿಮೆ ತಂದಾಗ ಕಂತಿನ ಎರಡು ಪಾಲು ಕೆಲಸಗಾರರದ್ದು, ಒಂದು ಪಾಲು ಮಾಲೀಕರದ್ದು. ನಮ್ಮ 1948ರ ಇ.ಎಸ್.ಐ. (ನೌಕರರ ರಾಜ್ಯ ವಿಮೆ) ಕಾಯ್ದೆಯದೂ ಹೆಚ್ಚುಕಡಿಮೆ ಅದೇ ದಾರಿ, ಪಾಲಿನ ಲೆಕ್ಕ ಮಾತ್ರ ಬೇರೆ. 2019ರಿಂದ ಕೆಲಸಗಾರನ ಸಂಬಳದಿಂದ ಶೇ. 0.75, ಮಾಲೀಕನಿಂದ ಶೇ. 3.25. ಇ.ಎಸ್.ಐ. ಆಸ್ಪತ್ರೆಯಲ್ಲಿ ಔಷಧಿಗೆ ಕ್ಯೂ ನಿಂತವನಿಗೆ ಯಾರೂ ಪುಕ್ಕಟೆ ಕೊಡುತ್ತಿಲ್ಲ, ಅಲ್ವಾ?

ಜಾಗತೀಕರಣದ ವಾದದಲ್ಲಿ ಇದು ಸಣ್ಣ ವಿಷಯವಲ್ಲ. ಬಂಡವಾಳ ಎಲ್ಲಿ ಬೇಕಾದರೂ ಹೋಗಬಹುದು, ಅದನ್ನು ಹಿಡಿದಿಡಲು ದೇಶಗಳು ಪೈಪೋಟಿಯಲ್ಲಿ ತೆರಿಗೆ ಇಳಿಸುತ್ತವೆ, ಆಮೇಲೆ ಪಿಂಚಣಿ ಆಸ್ಪತ್ರೆಗಳಿಗೆ ಕತ್ತರಿ ಬೀಳುತ್ತದೆ ಎನ್ನುವುದು ಒಂದು ವಾದ. ಅರ್ಥಶಾಸ್ತ್ರಜ್ಞ ಡ್ಯಾನಿ ರಾಡ್ರಿಕ್ 1998ರಲ್ಲಿ ಬೇರೆಯೇ ತೋರಿಸಿದರು. ಹೊರಗಿನ ವ್ಯಾಪಾರಕ್ಕೆ ಜಾಸ್ತಿ ತೆರೆದುಕೊಂಡ ದೇಶಗಳಲ್ಲಿ ಸರಕಾರದ ಖರ್ಚೂ ಜಾಸ್ತಿ ಇರುತ್ತದೆ. ಹೊರಗಿನ ಏರಿಳಿತದ ಪೆಟ್ಟು ತಡೆಯಲು ಜನರಿಗೆ ಆಸರೆ ಬೇಕಾಗುತ್ತದೆ ಎಂಬುದು ಅವರು ಕೊಟ್ಟ ಕಾರಣ. ನಾವು ಈ ಆಸರೆಯನ್ನು ‘ಕಲ್ಯಾಣ’ ಎಂದು ಕರೆದರೆ ಮೊದಲ ವಾದದವರ ಕೆಲಸ ಸಲೀಸು. ಕೈ ಬಿಗಿಯಾದಾಗ ಯಾರಾದರೂ ಮೊದಲು ನಿಲ್ಲಿಸುವುದು ದಾನಧರ್ಮವನ್ನೇ.

ಇಲ್ಲಿ ಮುಂಬೈಯ ಬಟ್ಟೆ ಮಿಲ್ಲುಗಳ ಪ್ರದೇಶವಾದ ಗಿರಣಗಾಂವ್‌ನ ಹಳೆಯ ಮಿಲ್ ಕೆಲಸಗಾರರ ಬಾಯಲ್ಲಿ ಕಲ್ಯಾಣ ಎಂಬ ಮಾತು ನಾನು ಕೇಳಿಲ್ಲ. ಪಿ.ಎಫ್., ಗ್ರ್ಯಾಚುಟಿ ಎನ್ನುತ್ತಾರೆ. ಮರಾಠಿಯಲ್ಲಾದರೆ ‘ಹಕ್ಕಾಚೆ ಪೈಸೆ’, ಹಕ್ಕಿನ ದುಡ್ಡು. (ಮಿಲ್ಲು ಮುಚ್ಚಿದ್ದನ್ನೆಲ್ಲ ಜಾಗತೀಕರಣದ ತಲೆಗೆ ಕಟ್ಟುವುದು ಸರಿಯಲ್ಲ. ಯೂನಿಯನ್ ನಾಯಕ ದತ್ತಾ ಸಾಮಂತರ ಮಿಲ್ ಮುಷ್ಕರ 1982ರದ್ದು, ಉದಾರೀಕರಣ 1991ರದ್ದು.) ಈಗ ಅದೇ ಪರೇಲ್, ಲಾಲ್‌ಬಾಗ್‌ಗಳಲ್ಲಿ ಬೈಕ್ ಮೇಲೆ ಊಟ ಹಂಚುವ ಹುಡುಗರು ಓಡಾಡುತ್ತಾರೆ. ಕಂಪನಿ ಅವರನ್ನು ‘ಪಾರ್ಟ್ನರ್’ ಎನ್ನುತ್ತದೆ. ನೌಕರ ಎಂದರೆ ಪಿ.ಎಫ್. ಕಟ್ಟಬೇಕಲ್ಲ! 2020ರ ಸಾಮಾಜಿಕ ಭದ್ರತಾ ಸಂಹಿತೆ ಇವರನ್ನು ಗುರುತಿಸಿತು ನಿಜ. ಕಂಪನಿಗಳು ವಾರ್ಷಿಕ ವಹಿವಾಟಿನ ಶೇ. 1ರಿಂದ 2ರಷ್ಟನ್ನು ಒಂದು ನಿಧಿಗೆ ಕೊಡಬೇಕು ಎಂದಿತು. ಆದರೆ ಅದು ಯೋಜನೆಗೆ ಹೋಗುವ ದುಡ್ಡು, ಪಿ.ಎಫ್. ಹಾಗೆ ಒಬ್ಬೊಬ್ಬರ ಸಂಬಳದ ಲೆಕ್ಕದಲ್ಲಿ ಕಟ್ಟುವುದಲ್ಲ. ಮಾಲೀಕ ಯಾರು ಎಂಬುದು ಮಸುಕಾದ ಕಡೆ ‘ಹಕ್ಕು’ ಹೋಗಿ ‘ಯೋಜನೆ’ ಬರುತ್ತದೆ. ಲೇಖನದಲ್ಲಿ ನಾನು ಹೇಳಬೇಕಾದದ್ದೇ ಇದು, ‘ಕಲ್ಯಾಣ’ ಹಾಕಿದರೆ ಎರಡೂ ಒಂದೇ ಆಗಿಬಿಡುತ್ತವೆ.

ಹಾಗಂತ ಕಾಯಂ ಮಾಲೀಕ ಇಲ್ಲದಿದ್ದರೆ ಹಕ್ಕು ಸಾಧ್ಯವೇ ಇಲ್ಲ ಎಂದೇನಿಲ್ಲ. ಮಹಾರಾಷ್ಟ್ರದ 1969ರ ಮಾಥಾಡಿ ಕಾಯ್ದೆ ನೋಡಿ. ಇವತ್ತು ಒಬ್ಬರ ಮೂಟೆ, ನಾಳೆ ಇನ್ನೊಬ್ಬರದ್ದು ಹೊರುವ ಹಮಾಲರು ಮಂಡಳಿಯಲ್ಲಿ ಹೆಸರು ಬರೆಸುತ್ತಾರೆ. ಮೂಟೆಯ ಯಜಮಾನರು ಕೂಲಿಯ ಜೊತೆ ಮೇಲಿಷ್ಟು ಲೆವಿ (ಶುಲ್ಕ) ಮಂಡಳಿಗೆ ಕಟ್ಟುತ್ತಾರೆ. ಅದರಿಂದ ಪಿ.ಎಫ್., ರಜೆ, ಬೋನಸ್. ತಮಾಷೆ ಎಂದರೆ ಕಾಯ್ದೆಯ ಹೆಸರಿನಲ್ಲಿ ‘ಕಲ್ಯಾಣ’ ಇದೆ, ಒಳಗಿರುವುದು ಹಕ್ಕು.

ಇನ್ನೊಂದು ಜೋಡಿ ಪದವೂ ಕಾಡುತ್ತಿದೆ, ‘ಖಾತರಿ’ ಮತ್ತು ‘ಗ್ಯಾರಂಟಿ’. 1972ರ ಬರಗಾಲದ ಸಮಯದಲ್ಲಿ ಇಲ್ಲಿ ಬೇರೂರಿದ ರೋಜಗಾರ್ ಹಮೀ ಯೋಜನೆ 1977ರಲ್ಲಿ ಕಾಯ್ದೆಯಾಯಿತು. ಅದಕ್ಕೆ ದುಡ್ಡು ಹೊಂದಿಸಲೆಂದೇ 1975ರಲ್ಲಿ ವೃತ್ತಿ ತೆರಿಗೆ ತಂದರು. ಅಂದರೆ ಮುಂಬೈಯ ಫೋರ್ಟಿನ ಆಫೀಸು ಗುಮಾಸ್ತನ ಸಂಬಳದಿಂದ ಹಿಡಿದ ದುಡ್ಡು ಮರಾಠವಾಡದ ರಸ್ತೆ ಕೆಲಸದ ಕೂಲಿಯಾಯಿತು. ‘ಹಮೀ’ಗೆ ನಾವು ‘ಖಾತರಿ’ ಎಂದೆವು, ಉದ್ಯೋಗ ಖಾತರಿ. ಚೆನ್ನಾಗಿದೆ. ಆದರೆ 2023ರಿಂದ ಕರ್ನಾಟಕದಲ್ಲಿ ‘ಗ್ಯಾರಂಟಿ’ ಬಂತು. ಅರ್ಥ ಒಂದೇ, ವಸ್ತು ಬೇರೆ. ಒಂದು 2005ರ ಕೇಂದ್ರದ ಉದ್ಯೋಗ ಖಾತರಿ ಕಾಯ್ದೆ ಕೊಟ್ಟಿದ್ದ ಮಾತು, ಇನ್ನೊಂದು ಚುನಾವಣೆಯಲ್ಲಿ ಪಕ್ಷ ಕೊಟ್ಟ ಮಾತು. ಹೆಂಗಸರ ಕೈಗೆ ನೇರ ಹಣ ಹೋಗುವುದು ನನಗೆ ಇಷ್ಟವೇ, ಅದನ್ನು ‘ಬಿಟ್ಟಿ’ ಎಂದು ಸುಮ್ನೆ ಹಂಗಿಸುವವರ ಜೊತೆ ನಾನಿಲ್ಲ. ಲೇಖನದಲ್ಲಿ ಇವೆರಡನ್ನೂ ಬೇರೆ ಮಾಡಿ ತೋರಿಸಬೇಕು, ಅಷ್ಟೇ.

ಪಡೆಯುವವರಿಗೆ ನಾವು ‘ಫಲಾನುಭವಿ’ ಎನ್ನುತ್ತೇವೆ, ಮರಾಠಿಯವರು ‘ಲಾಭಾರ್ಥಿ’. ನಮ್ಮದು ಕೂತು ಹಣ್ಣು ತಿನ್ನುವವನು, ಅವರದು ಲಾಭ ಕೇಳಿ ಬಂದವನು. ಪಿ.ಎಫ್. ಇರುವವನಿಗೆ ಎರಡೂ ಹೊಂದುವುದಿಲ್ಲ. ಹಾಗೆ ನೋಡಿದರೆ ‘ವೃದ್ಧಾಪ್ಯ ವೇತನ’ ಎಂದು ಇಟ್ಟವರು ಯಾರೋ ಜಾಣರು. ವೇತನ ಎಂದರೆ ದುಡಿದದ್ದಕ್ಕೆ ಬರುವುದು ತಾನೆ?

ಸದ್ಯಕ್ಕೆ ವೆಲ್ಫೇರ್ ಸ್ಟೇಟ್‌ಗೆ ‘ಹೊಣೆಗಾರ ರಾಜ್ಯ’ ಎಂದು ಬರೆದುಕೊಂಡಿದ್ದೇನೆ. ಆದರೆ ಓದುವವರು ಅದನ್ನು ‘ಜವಾಬ್ದಾರಿಯುತ ಸರಕಾರ’ ಎಂದು ತಿಳಿಯುವ ಭಯವಿದೆ. ‘ಆಸರೆ’ ಮೆತ್ತಗಿದೆ, ಮತ್ತೆ ದಾನದ ಕಡೆಗೇ ವಾಲುತ್ತದೆ. ‘ಭದ್ರತೆ’ ಎಂದರೆ ಬಿಲ್ಡಿಂಗ್ ಕೆಳಗಿನ ವಾಚ್‌ಮನ್ ನೆನಪಾಗುತ್ತಾನೆ. ನಿಮ್ಮ ಊರಿನ ಕಾರ್ಖಾನೆ, ಬೀಡಿ, ಪ್ಲಾಂಟೇಶನ್ ಕೆಲಸಗಾರರು ಈ ದುಡ್ಡಿಗೆ ಏನೆನ್ನುತ್ತಾರೆ? ಯೂನಿಯನ್ನಿನ ಹಳೆಯ ಕನ್ನಡ ಕರಪತ್ರಗಳು ಯಾರ ಹತ್ತಿರವಾದರೂ ಇದ್ದರೆ, ಅಲ್ಲಿ ಯಾವ ಪದ ಇದೆ ಎಂದು ನೋಡಿ ಹೇಳುತ್ತೀರಾ?