ಮಳೆ ರಜೆಯಲ್ಲಿ ಮಕ್ಕಳಿಗೆ ಹಳೇ ಚೆಸ್ ಆಟ: ಯಾವುದು ಮೊದಲು?

ಪ್ರಶ್ನೆ | ಬೇತ್ರಿ ಪದಾತಿ

ಎಲ್ಲರಿಗೂ ನಮಸ್ಕಾರ. ವಿರಾಜಪೇಟೆ ಕಡೆಯ ಶನಿವಾರದ ಚೆಸ್ ತರಗತಿಗೆ ಹತ್ತರಿಂದ ಹದಿನಾಲ್ಕು ವಯಸ್ಸಿನ ಹನ್ನೆರಡು ಮಕ್ಕಳು ಬರುತ್ತಾರೆ. ಕಕ್ಕಡ ತಿಂಗಳ ಮಳೆಗೆ ಕರೆಂಟು ಹೋದರೆ ಲ್ಯಾಪ್‌ಟಾಪು, ಎಂಜಿನ್ನು (ನಡೆ ಲೆಕ್ಕ ಹಾಕುವ ಸಾಫ್ಟ್‌ವೇರ್) ಎಲ್ಲ ಬಂದ್. ಉಳಿಯುವುದು ಮರದ ಬೋರ್ಡು, ನಡೆ ಬರೆದಿಟ್ಟ ಹಾಳೆ ಅಷ್ಟೇ. ಪಿನ್ (ಕದಲಿದರೆ ಹಿಂದಿನ ದೊಡ್ಡ ಪೀಸು ಹೋಗುವಂತೆ ಕಟ್ಟಿಹಾಕುವುದು), ಫೋರ್ಕ್ (ಒಂದೇ ಪೀಸಿನಿಂದ ಎರಡರ ಮೇಲೆ ದಾಳಿ), ಕ್ಯಾಸಲಿಂಗ್ (ರಾಜ, ಆನೆ ಒಂದೇ ನಡೆಯಲ್ಲಿ ಸರಿಯುವುದು) ಎಲ್ಲರಿಗೂ ಗೊತ್ತು. ಆದರೆ ವಿಡಿಯೋದಲ್ಲಿ ಬಲಿದಾನಗಳಿಗೆ ಹೆಸರಾದ ‘ಇಮ್ಮಾರ್ಟಲ್ ಗೇಮ್’ ನೋಡಿದ ಮೇಲೆ ಅರ್ಧ ಮಂದಿ ಸುಮ್ಮಸುಮ್ಮನೆ ಆನೆ ಬಿಟ್ಟುಕೊಡುತ್ತಿದ್ದಾರೆ. ತರಗತಿಗೆ ಒಂದು ಆಟದಂತೆ ಯಾವ ಕ್ಲಾಸಿಕ್‌ಗಳನ್ನು, ಎಲ್ಲೆಲ್ಲಿ ನಿಲ್ಲಿಸಿ ತೋರಿಸಲಿ? ಮುಗಿದ ಕೂಡಲೇ ಮಕ್ಕಳೇ ಬೋರ್ಡು ಎಳೆದುಕೊಂಡು ಆಡಲು ಕೂರಬೇಕು, ಅಂಥದ್ದು ಬೇಕು.

ಉತ್ತರ | ಬಿ7ರ ಒಂಟೆ

ಕಣ್ಣುಮುಚ್ಚಿ ಅಮೆರಿಕದ ಪಾಲ್ ಮಾರ್ಫಿಯ ‘ಆಪೆರಾ ಗೇಮ್’ನಿಂದ ಶುರು ಮಾಡಿ ಸರ್. 1858, ಪ್ಯಾರಿಸ್‌ನ ಆಪೆರಾ ಮಂದಿರ. ಎದುರಿಗೆ ಡ್ಯೂಕ್ ಆಫ್ ಬ್ರನ್ಸ್‌ವಿಕ್ ಮತ್ತು ಕೌಂಟ್ ಇಸೊವಾರ್, ಇಬ್ಬರೂ ಸೇರಿ ಒಂದೇ ಪಕ್ಷ. ಹದಿನೇಳೇ ನಡೆ. ಗೆದ್ದವನ ನಡೆಯಷ್ಟೇ ಸೋತವರ ತಪ್ಪೂ ಮಕ್ಕಳಿಗೆ ಅರ್ಥವಾಗುತ್ತದೆ, ಇದರ ಬೆಲೆ ಇರುವುದೇ ಅಲ್ಲಿ. ಪೂರ್ತಿ ನಡೆಗಳು (ಬಿಳಿ ಮೊದಲು, ಕಪ್ಪು ಆಮೇಲೆ, ಪೀಸಿನ ಹೆಸರಿಲ್ಲದಿದ್ದರೆ ಪದಾತಿ, × ಅಂದರೆ ಹೊಡೆತ):

1. ಇ4 ಇ5 2. ಕುದುರೆ ಎಫ್3, ಡಿ6 3. ಡಿ4, ಒಂಟೆ ಜಿ4 4. ಡಿ×ಇ5, ಒಂಟೆ×ಎಫ್3 5. ಮಂತ್ರಿ×ಎಫ್3, ಡಿ×ಇ5 6. ಒಂಟೆ ಸಿ4, ಕುದುರೆ ಎಫ್6 7. ಮಂತ್ರಿ ಬಿ3, ಮಂತ್ರಿ ಇ7 8. ಕುದುರೆ ಸಿ3, ಸಿ6 9. ಒಂಟೆ ಜಿ5, ಬಿ5 10. ಕುದುರೆ×ಬಿ5, ಸಿ×ಬಿ5 11. ಒಂಟೆ×ಬಿ5 ಚೆಕ್, ಬಿ8ರ ಕುದುರೆ ಡಿ7 12. ಮಂತ್ರಿ ಕಡೆ ಕ್ಯಾಸಲಿಂಗ್, ಆನೆ ಡಿ8 13. ಆನೆ×ಡಿ7, ಆನೆ×ಡಿ7 14. ಆನೆ ಡಿ1, ಮಂತ್ರಿ ಇ6 15. ಒಂಟೆ×ಡಿ7 ಚೆಕ್, ಕುದುರೆ×ಡಿ7 16. ಮಂತ್ರಿ ಬಿ8 ಚೆಕ್, ಕುದುರೆ×ಬಿ8 17. ಆನೆ ಡಿ8 ಮೇಟ್.

ಹಾಳೆ ನೋಡಿ ಬೋರ್ಡಿನಲ್ಲಿ ಆಡಿಸುವಾಗ ಕೆಡುವುದು 11ನೇ ನಡೆಯಲ್ಲಿ. ಡಿ7ಕ್ಕೆ ಕಪ್ಪಿನ ಎರಡೂ ಕುದುರೆ ಬರಬಹುದು. ಎಫ್6ರದ್ದನ್ನು ಎತ್ತಿಟ್ಟರೆ ಮುಂದಿನ ಆಟವೇ ಕೂಡಿ ಬರುವುದಿಲ್ಲ, ಮಕ್ಕಳು ‘ಹಾಳೆಯಲ್ಲಿ ತಪ್ಪಿದೆ’ ಅನ್ನುತ್ತಾರೆ. ಬಿ8ರ ಕುದುರೆ ಎಂದು ದಪ್ಪಕ್ಷರದಲ್ಲಿ ಬರೆಯಿರಿ.

ನಾಲ್ಕು ಕಡೆ ನಿಲ್ಲಿಸಿ. 4ನೇ ನಡೆಯಾದ ಮೇಲೆ, ಒಂಟೆ ಯಾಕೆ ಕುದುರೆಯನ್ನು ಹೊಡೆಯಲೇಬೇಕಾಯಿತು ಎಂದು ಕೇಳಿ. ಡಿ×ಇ5 ಆಡಿದ್ದರೆ ಮಂತ್ರಿಗಳು ಡಿ8ರಲ್ಲಿ ಬದಲಾಗಿ, ಬಿಳಿ ಕುದುರೆ ಇ5ರ ಪದಾತಿಯನ್ನು ಪುಕ್ಕಟೆ ತಿನ್ನುತ್ತದೆ. 8ನೇ ನಡೆಗೆ ಎಲ್ಲರೂ ‘ಬಿ7 ಹೊಡಿ’ ಅಂತಾರೆ. ಹೊಡೆದರೆ ಕಪ್ಪು ಮಂತ್ರಿ ಬಿ4ರಿಂದ ಚೆಕ್ ಕೊಟ್ಟು ಮಂತ್ರಿ ಬದಲಾಯಿಸುತ್ತದೆ. ಬಿಳಿಗೆ ಒಂದು ಪದಾತಿ ಲಾಭ, ಆದರೆ ದಾಳಿ ಮುಗಿಯಿತು. ಮಾರ್ಫಿ ಪದಾತಿ ಬಿಟ್ಟು ಇನ್ನೊಂದು ಕುದುರೆ ಹೊರತಂದ. 13ನೇ ನಡೆಯಲ್ಲಿ ‘ಎಫ್6ರ ಕುದುರೆಯಿಂದಲೇ ಆನೆ ಹೊಡೆಯಬಹುದಲ್ಲ?’ ಅನ್ನುವ ಪ್ರಶ್ನೆ ಬಂದೇ ಬರುತ್ತದೆ. ಆ ಕುದುರೆ ಜಿ5ರ ಒಂಟೆಯಿಂದ ಪಿನ್ ಆಗಿದೆ, ಕದಲಿದರೆ ಇ7ರ ಮಂತ್ರಿ ಹೋಯಿತು. ಕೊನೆಯದು 16ನೇ ನಡೆಗೆ ಮುಂಚೆ: ಐದು ನಿಮಿಷ ಕೊಟ್ಟು, ಉತ್ತರವನ್ನು ಕೂಗದೆ ಹಾಳೆಯಲ್ಲಿ ಬರೆಯಲು ಹೇಳಿ. ಒಬ್ಬ ಕೂಗಿದರೆ ಉಳಿದ ಹನ್ನೊಂದು ತಲೆ ಯೋಚಿಸುವುದು ನಿಲ್ಲಿಸುತ್ತವೆ.

ಮೇಟ್ ಆದಾಗ ಬಿಳಿಯ ಹತ್ತಿರ ರಾಜ, ಪದಾತಿಗಳನ್ನು ಬಿಟ್ಟರೆ ಒಂದು ಆನೆ, ಒಂದು ಒಂಟೆ. ಕಪ್ಪಿನ ಎಫ್8ರ ಒಂಟೆ, ಎಚ್8ರ ಆನೆ ಇಡೀ ಆಟದಲ್ಲಿ ಒಮ್ಮೆಯೂ ಕದಲಿಲ್ಲ. ಕೊಡಗಿನ ಮಕ್ಕಳಿಗೆ ಹಾಕಿ ಆಟ ಹೇಳಿಕೊಡಬೇಕಿಲ್ಲವಲ್ಲ, ಇಬ್ಬರು ಬೆಂಚಿನಲ್ಲೇ ಕೂತ ತಂಡ ಅಂದರೆ ಸಾಕು.

ಉತ್ತರ | ರಾಜಾಸೀಟ್ ಆನೆ

ಮಾರ್ಫಿ ಸರಿ. ಆದರೆ ಎರಡನೇ ವಾರಕ್ಕೂ ಬಲಿದಾನದ ಆಟವನ್ನೇ ತೋರಿಸಿದರೆ ಪೀಸು ಬಿಸಾಡುವ ಚಟ ಬಿಡುವುದಿಲ್ಲ. ನನ್ನ ಆಯ್ಕೆ ಕಾಪಾಬ್ಲಾಂಕಾ–ಟಾರ್ಟಕೋವರ್, ನ್ಯೂಯಾರ್ಕ್ 1924. ಪೂರ್ತಿ ಬೇಡ, 34ನೇ ನಡೆ ಮುಗಿದ ಸ್ಥಿತಿಯನ್ನು ನೇರವಾಗಿ ಜೋಡಿಸಿ:

ಬಿಳಿ: ರಾಜ ಎಫ್3, ಆನೆ ಎಚ್7, ಪದಾತಿ ಎ4, ಸಿ3, ಡಿ4, ಎಫ್4, ಜಿ5.
ಕಪ್ಪು: ರಾಜ ಎಫ್8, ಆನೆ ಸಿ6, ಪದಾತಿ ಎ7, ಬಿ6, ಸಿ7, ಡಿ5, ಎಫ್5.

ಐದಕ್ಕೆ ಐದು ಪದಾತಿ, ಬಿಳಿಯ ಸರದಿ. ಸಿ3 ಹೋಗುವಂತಿದೆ, ಮಕ್ಕಳು ಅದನ್ನು ಕಾಯಲು ಹೊರಡುತ್ತಾರೆ. ಕಾಪಾಬ್ಲಾಂಕಾ ಕಾಯಲಿಲ್ಲ. 35. ರಾಜ ಜಿ3, ಆನೆ×ಸಿ3 ಚೆಕ್ 36. ರಾಜ ಎಚ್4, ಆನೆ ಎಫ್3 37. ಜಿ6, ಆನೆ×ಎಫ್4 ಚೆಕ್ 38. ರಾಜ ಜಿ5, ಆನೆ ಇ4 39. ರಾಜ ಎಫ್6. ಎರಡು ಪದಾತಿ ಕಮ್ಮಿ, ಆದರೂ ಗೆಲುವು ಬಿಳಿಗೆ. ಈಗ ಆನೆ ಎಚ್8ಕ್ಕೆ ಬಂದರೆ ಮೇಟ್; ಕಪ್ಪು ರಾಜ ಜಿ8ಕ್ಕೆ ಸರಿದರೆ ಜಿ7ರಲ್ಲಿ ಚೆಕ್ ಕೊಟ್ಟು ಸಿ7 ಹೊಡೆಯಬಹುದು.

39ರಲ್ಲಿ ಖಂಡಿತ ನಿಲ್ಲಿಸಿ. ಎಫ್5ರ ಪದಾತಿ ಬಾಯಿಗೆ ಬಂದಿದ್ದರೂ ಅವನು ತಿನ್ನಲಿಲ್ಲ. ತಿಂದಿದ್ದರೆ ಎಫ್ ಸಾಲು ತೆರೆದು, ಹಿಂದಿನಿಂದ ಆನೆ ಚೆಕ್ ಕೊಡುತ್ತಾ ಹೋಗುತ್ತಿತ್ತು. ಎದುರಾಳಿಯ ಪದಾತಿಯೇ ಇವನ ರಾಜನಿಗೆ ಮರೆ. ಕೊನೆಯಾಟದಲ್ಲಿ ರಾಜನೂ ಹೊಡೆದಾಡುವ ಪೀಸು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಕಾಣೆ. ತೋರಿಸಿದ ಮೇಲೆ ಇಬ್ಬಿಬ್ಬರನ್ನು ಕೂರಿಸಿ 34ರಿಂದ ಆಡಿಸಿ, ಪಕ್ಷ ಬದಲಿಸಿ ಮತ್ತೊಮ್ಮೆ.

ಗುಕೇಶ್ ಬಗ್ಗೆ ಕೇಳಿಯೇ ಕೇಳುತ್ತಾರೆ. ಅದೇ ದಿನ ಸಿಂಗಾಪುರದ ವಿಶ್ವ ಚಾಂಪಿಯನ್‌ಶಿಪ್‌ನ 14ನೇ ಆಟದ (12 ಡಿಸೆಂಬರ್ 2024) ಕೊನೆಯನ್ನೂ ಸೇರಿಸಿ. ಬಿಳಿ ಆಡುತ್ತಿದ್ದ ಎದುರಾಳಿ ಡಿಂಗ್ ಲಿರೆನ್ 55ನೇ ನಡೆಯಲ್ಲಿ ಆನೆಯನ್ನು ಎಫ್2ಕ್ಕೆ ತಂದರು. ಆನೆಗಳು ಬದಲಾದವು, ಎ8ರ ಮೂಲೆಯಲ್ಲಿದ್ದ ಬಿಳಿ ಒಂಟೆಗೆ ಗುಕೇಶ್ ಡಿ5ರಲ್ಲಿ ತಮ್ಮ ಒಂಟೆಯನ್ನು ಎದುರಿಟ್ಟರು, ಅದೂ ಬದಲಾಯಿತು. ಉಳಿದದ್ದು ರಾಜ, ಪದಾತಿಗಳ ಕೊನೆಯಾಟ. ಗುಕೇಶ್ ಅವರ ಎರಡು ಪದಾತಿಗೆ ಡಿಂಗ್ ಅವರದು ಒಂದು, 58ಕ್ಕೆ ಡಿಂಗ್ ಸೋಲೊಪ್ಪಿದರು. ಯಾವ ಪೀಸು ಬದಲಾಯಿಸಬಾರದು ಅನ್ನುವುದು ಇಷ್ಟು ಸ್ಪಷ್ಟವಾಗಿ ಬೇರೆಲ್ಲೂ ಸಿಗದು.

ಮರುಪ್ರಶ್ನೆ | ಬೇತ್ರಿ ಪದಾತಿ

ಇಬ್ಬರಿಗೂ ಧನ್ಯವಾದ ಸರ್. ಎರಡೂ ಬರೆದಿಟ್ಟುಕೊಂಡೆ. ದೊಡ್ಡ ಮಕ್ಕಳಲ್ಲಿ ಒಬ್ಬಳು ಅಮೆರಿಕದ ಬಾಬಿ ಫಿಷರ್‌ನ 13ನೇ ವಯಸ್ಸಿನ ಆಟವೇ ಬೇಕು ಅನ್ನುತ್ತಿದ್ದಾಳೆ. ಒಂದು ಗಂಟೆಯಲ್ಲಿ ಆಗುತ್ತದಾ?

ಉತ್ತರ | ಕುಶಾಲನಗರ ಕುದುರೆ

ಆಗುತ್ತದೆ, 41 ನಡೆಯನ್ನೂ ಎಳೆಯದಿದ್ದರೆ. ಡೊನಾಲ್ಡ್ ಬರ್ನ್ ವಿರುದ್ಧ, ನ್ಯೂಯಾರ್ಕ್, ಅಕ್ಟೋಬರ್ 1956, ಫಿಷರ್‌ಗೆ ಕಪ್ಪು. 11ನೇ ನಡೆಯ ಕುದುರೆ ಎ4 ಹೆಸರುವಾಸಿ, ಆದರೆ ಅದರ ಕವಲುಗಳು ಈ ವಯಸ್ಸಿಗೆ ಭಾರ. 17ನೇ ನಡೆಗೆ ಬನ್ನಿ: ಮಂತ್ರಿ ಹೊಡೆಸಿಕೊಳ್ಳುವಂತಿದ್ದರೂ ಫಿಷರ್ ಒಂಟೆಯನ್ನು ಇ6ಕ್ಕೆ ಇಡುತ್ತಾನೆ.

ಬರ್ನ್ ಮಂತ್ರಿಯನ್ನು ಹೊಡೆದ. ಮುಂದೆ ಒಂಟೆ×ಸಿ4 ಚೆಕ್, ಆಮೇಲೆ ಕುದುರೆ ಇ2, ಡಿ4, ಮತ್ತೆ ಇ2, ಸಿ3 ಎಂದು ಸುತ್ತುತ್ತಾ ಪ್ರತಿ ಸಲವೂ ಚೆಕ್. ರಾಜ ಜಿ1, ಎಫ್1 ನಡುವೆ ಓಡಾಡುತ್ತಾನೆ. ಮಂತ್ರಿಗೆ ಪ್ರತಿಯಾಗಿ ಒಂದು ಆನೆ, ಎರಡು ಒಂಟೆ, ಒಂದು ಪದಾತಿ ಬಂತು. ಬಲಿದಾನ ಅಂದರೆ ಲೆಕ್ಕ ಅನ್ನುವುದು ನಿಮ್ಮ ಮಕ್ಕಳಿಗೆ ಇಲ್ಲಿ ಹೊಳೆಯಬೇಕು.

ಬರ್ನ್ ಮಂತ್ರಿ ಬಿಟ್ಟು 18. ಒಂಟೆ×ಇ6 ಆಡಿದ್ದರೆ? ಮಂತ್ರಿ ಬಿ5 ಚೆಕ್ 19. ರಾಜ ಜಿ1, ಕುದುರೆ ಇ2 ಚೆಕ್ 20. ರಾಜ ಎಫ್1, ಕುದುರೆ ಜಿ3 ಡಬಲ್ ಚೆಕ್ 21. ರಾಜ ಜಿ1, ಮಂತ್ರಿ ಎಫ್1 ಚೆಕ್ 22. ಆನೆ×ಎಫ್1, ಕುದುರೆ ಇ2 ಮೇಟ್. ಎಫ್1ರ ಮಂತ್ರಿಯನ್ನು ರಾಜನೇ ಯಾಕೆ ಹೊಡೆಯಬಾರದು ಅಂತ ಕೇಳಿ. ಜಿ3ರ ಕುದುರೆ ಕಾಯುತ್ತಿದೆ. ಇಷ್ಟಕ್ಕೇ ಅರ್ಧ ಗಂಟೆ ಬೇಕು.

ಉತ್ತರ | ಬಿ7ರ ಒಂಟೆ

ಒಂದು ಜೋಡಿ ಮರೆತೆ. ರೋಟ್ಲೆವಿ–ರೂಬಿನ್‌ಸ್ಟೀನ್, ಲೋಡ್ಜ್ 1907, ಆಮೇಲೆ ಅರೋನಿಯನ್–ಆನಂದ್, ವೈಕ್ ಆನ್ ಝೀ 2013. ಎರಡರಲ್ಲೂ ಕಪ್ಪಿಗೆ ಜಯ, ಎರಡರಲ್ಲೂ ಕಪ್ಪಿನ ಎರಡು ಒಂಟೆ ಬಿಳಿ ರಾಜನ ಕಡೆ ಮುಖ ಮಾಡಿ ಕೂತಿವೆ. ಒಂದು ಬೋರ್ಡಿನಲ್ಲಿ ರೂಬಿನ್‌ಸ್ಟೀನ್‌ನ 22ನೇ ನಡೆ, ಆನೆ×ಸಿ3. ಪಕ್ಕದ ಬೋರ್ಡಿನಲ್ಲಿ ಆನಂದ್ ಅವರ 16ನೇ ನಡೆ, ಡಿ7ರ ಕುದುರೆ ಇ5ಕ್ಕೆ. ಹಳೇ ಆಟ ಯಾಕೆ ನೋಡಬೇಕು ಅಂತ ಕೇಳುವವರಿಗೆ ಬೇರೆ ಭಾಷಣ ಬೇಡ. ಆದರೆ ಹದಿಮೂರು ದಾಟಿದವರಿಗೆ ಮಾತ್ರ, ಚಿಕ್ಕವರು ಆಕಳಿಸುತ್ತಾರೆ.

ಇಮ್ಮಾರ್ಟಲ್ ಗೇಮ್ (ಆಂಡರ್ಸನ್–ಕೀಸರಿಟ್ಸ್ಕಿ, ಲಂಡನ್ 1851) ಕೊನೆಗಿಡಿ. ಎರಡು ಆನೆ, ಒಂದು ಒಂಟೆ, ಮಂತ್ರಿ ಕೊಟ್ಟು ಮೇಟ್ ಮಾಡುವುದು ಚೆಂದವೇ. ಆದರೆ 18ನೇ ನಡೆಯಲ್ಲಿ ಒಂಟೆ ಡಿ6ಕ್ಕಿಂತ ಗಟ್ಟಿಯಾದ ನಡೆಗಳಿದ್ದವು ಅಂತ ಎಂಜಿನ್ ತೋರಿಸುತ್ತದೆ. ಕರೆಂಟು ಬಂದ ದಿನ ಅದನ್ನು ಮಕ್ಕಳೇ ಹುಡುಕಲಿ.