ವೇಲ್ಸ್ ಬೆಟ್ಟಗಳ ಪಟ್ಟಿ: 3000 ಅಡಿ ದಾಟಿದವು 14 ಇರಬೇಕು, ನನ್ನ ಶೀಟಿನಲ್ಲಿ 17 ಬರುತ್ತಿವೆ

ಗುಡ್ಡಗಾಡು_ಕಾರ್ಡಿಫ್:
ಎಲ್ಲರಿಗೂ ನಮಸ್ಕಾರ. ಸ್ಪ್ರೆಡ್‌ಶೀಟ್ ಕೆಲಸ ಗೊತ್ತಿರುವವರೂ ಬೆಟ್ಟ ಹತ್ತುವವರೂ ಇಬ್ಬರೂ ನೋಡಬೇಕಾದ ಸಮಸ್ಯೆ ಇದು. ವೇಲ್ಸ್‌ನ ಬೆಟ್ಟಗಳ ಪಟ್ಟಿಯೊಂದನ್ನು ನನಗೋಸ್ಕರ ಮಾಡಿಕೊಳ್ಳುತ್ತಿದ್ದೇನೆ. ಎರಡು ಹಂತ ಇದೆ: 2000 ಅಡಿ ದಾಟಿ ಕನಿಷ್ಠ 30 ಮೀಟರ್ ಡ್ರಾಪ್ (ತುದಿಯಿಂದ ಅದಕ್ಕಿಂತ ಎತ್ತರದ ನೆಲಕ್ಕೆ ಹೋಗಲು ಇಳಿಯಲೇಬೇಕಾದಷ್ಟು) ಇರುವವು, ಅಂದರೆ ಹ್ಯೂಯಿಟ್ ನಿಯಮ. ಅದರೊಳಗೆ 3000 ಅಡಿ ದಾಟಿದವು ಬೇರೆ.

ಹೆಸರು ಮತ್ತು ಗ್ರಿಡ್ ರೆಫರೆನ್ಸ್ (ನಕ್ಷೆಯಲ್ಲಿ ಜಾಗ ತಿಳಿಸುವ ಸಂಖ್ಯೆ) ಹಳೆಯ ಪಟ್ಟಿಯಿಂದ ತೆಗೆದುಕೊಂಡೆ. ಎತ್ತರ ಇನ್ನೊಂದು ಫೈಲಿನಿಂದ, ಅದೂ ಹಳೆಯದೇ, ಹೆಸರು ಹೊಂದಿಸಿ ಬೆಲೆ ತರುವ ವಿಲುಕಪ್ (VLOOKUP) ಸೂತ್ರ ಹಾಕಿ ಎಳೆದುಕೊಂಡೆ. ಡ್ರಾಪ್ ಮಾತ್ರ ನಾನೇ ಲೆಕ್ಕ ಹಾಕಿದೆ. ಬ್ರಿಟನ್ನಿನ ನಕ್ಷೆ ಸಂಸ್ಥೆ ಆರ್ಡ್‌ನೆನ್ಸ್ ಸರ್ವೆಯ ಟೆರೇನ್ 50 ಅನ್ನುವ ನೆಲದ ಎತ್ತರದ ಡೇಟಾ ಇಳಿಸಿಕೊಂಡು, ವೇಲ್ಸ್ ಗಡಿಗೆ ಕತ್ತರಿಸಿ, ಪ್ರತಿ ಬೆಟ್ಟಕ್ಕೂ ಅದಕ್ಕಿಂತ ಎತ್ತರದ ಹತ್ತಿರದ ಬೆಟ್ಟ ಹುಡುಕಿ, ಅವೆರಡರ ನಡುವಿನ ತಗ್ಗನ್ನು ಕಳೆಯುವ ಸಣ್ಣ ಸ್ಕ್ರಿಪ್ಟ್ ಬರೆದಿದ್ದೇನೆ.

ಈಗ ಏನಾಗಿದೆ ನೋಡಿ. 3000 ಅಡಿ ದಾಟಿದವು 17 ಬರುತ್ತಿವೆ, ಎಲ್ಲರೂ ಹೇಳುವುದು 14 ಅಥವಾ 15. ಗ್ಲಿಡರ್ ವಾರ್ ನನ್ನಲ್ಲಿ 999 ಮೀಟರ್, ಬೇರೆಯವರ ಪಟ್ಟಿಯಲ್ಲಿ 1001. ಮನಿದ್ ಗ್ರೈಗ್ ಗೋಖ್ ಪಟ್ಟಿಯಲ್ಲೇ ಇಲ್ಲ. ವಾನ್ ಅ ಬಿಗ್ ಬೆಟ್ಟಕ್ಕೆ 118 ಮೀಟರ್ ಡ್ರಾಪ್ ಬಂದಿದೆ, ಆದರೆ ಅದನ್ನು ಪಟ್ಟಿಯಿಂದಲೇ ತೆಗೆದಿದ್ದಾರಂತೆ! ಸ್ನೋಡನ್ ಡ್ರಾಪ್ 1085 ಬರುತ್ತಿದೆ, ಎಲ್ಲಾ ಕಡೆ 1039 ಅಂತ ಇದೆ. ಎಲ್ಲಿಂದ ಹುಡುಕಲಿ?

ಅಳತೆಕೋಲು:
ಒಂದೊಂದಾಗಿ ನೋಡೋಣ. ಇವು ಐದೂ ಒಂದೇ ಕಾಯಿಲೆಯ ಲಕ್ಷಣ ಅನ್ನಿಸುತ್ತಿಲ್ಲ. ಮೊದಲು 914.4 ಮೀಟರಿಗಿಂತ (ಅಂದರೆ 3000 ಅಡಿ) ಮೇಲಿರುವ 17 ಸಾಲುಗಳನ್ನು ಇಲ್ಲಿ ಹಾಕಿ, ಹೆಸರು ಮತ್ತು ಎತ್ತರ ಸಾಕು. ಗ್ರಿಡ್ ರೆಫರೆನ್ಸ್ ಇದ್ದರೆ ಇನ್ನೂ ಒಳ್ಳೆಯದು.

ಗುಡ್ಡಗಾಡು_ಕಾರ್ಡಿಫ್:
ಹಾಕಿದ್ದೇನೆ. ಸ್ನೋಡನ್ 1085, ಗಾರ್ನೆದ್ ಇಗೈನ್ 1065, ಕಾರ್ನೆದ್ ಲೆವೆಲಿನ್ 1064, ಕಾರ್ನೆದ್ ದಾವಿದ್ 1044, ಗ್ಲಿಡರ್ ವಾರ್ 999, ಗ್ಲಿಡರ್ ವಾಖ್ 994, ಪೆನ್ ಅರ್ ಒಲೆ ವೆನ್ 978, ವೊಯ್ಲ್ ಗ್ರಾಖ್ 976, ಅರ್ ಎಲೆನ್ 962, ಅ ಗಾರ್ನ್ 947, ಅ ಗಾರ್ನ್ 947, ಅ ಗಾರ್ನ್ 947, ಅ ಗಾರ್ನ್ 947... ಓಹೋ.

ಅಳತೆಕೋಲು:
ಹ್ಞಾಂ, ಸಿಕ್ಕಿತು ಅಲ್ವಾ. ವೇಲ್ಸ್‌ನಲ್ಲಿ ಅ ಗಾರ್ನ್ ಅನ್ನುವ ಹೆಸರಿನ ಬೆಟ್ಟ ಒಂದಲ್ಲ. ಗ್ಲಿಡರ್ ಸಾಲಿನಲ್ಲಿರುವುದು 947 ಮೀಟರ್, ಅದೊಂದೇ 3000 ಅಡಿ ದಾಟುವುದು. ಪಿಮ್‌ಲಿಮೊನ್ ಹತ್ತಿರ ಇರುವುದು 684, ನಾಂಟ್‌ಲೆ ಏಣಿನ ಮೇಲಿರುವುದು 633, ರಿನೋಗ್ ಕಡೆಯದು 629. ನಾಲ್ಕೂ 2000 ಅಡಿ ಪಟ್ಟಿಯಲ್ಲಿ ಬರುತ್ತವೆ, ಹಾಗಾಗಿ ನಿಮ್ಮ ಶೀಟಿನಲ್ಲಿ ನಾಲ್ಕೂ ಇವೆ. ವಿಲುಕಪ್ ಹೆಸರು ನೋಡಿ ಮೊದಲು ಸಿಕ್ಕ ಸಾಲಿನ ಎತ್ತರವನ್ನು ಎಲ್ಲದಕ್ಕೂ ಕೊಡುತ್ತದೆ. ನಿಮ್ಮ ಎರಡನೇ ಫೈಲು ಎತ್ತರದ ಪ್ರಕಾರ ಇಳಿಕೆ ಕ್ರಮದಲ್ಲಿದ್ದಿರಬೇಕು, ಅದಕ್ಕೇ 947 ಮೊದಲು ಸಿಕ್ಕಿದೆ. ಏರಿಕೆ ಕ್ರಮದಲ್ಲಿದ್ದಿದ್ದರೆ ನಾಲ್ಕಕ್ಕೂ 629 ಬಂದು, 17ರ ಬದಲು 13 ಕಾಣುತ್ತಿತ್ತು. ಒಂದು ಬೆಟ್ಟ ಕಾಣೆಯಾದರೆ ಯಾರಿಗೂ ಗೊತ್ತಾಗುವುದಿಲ್ಲ, ಹಾಗಾಗಿ ಜಾಸ್ತಿ ಬಂದಿದ್ದೇ ಪುಣ್ಯ.

ಹೆಸರಿನ ಮೇಲೆ ಎಂದೂ ಜೋಡಿಸಬೇಡಿ. ವೇಲ್ಸ್ ಹೆಸರುಗಳಿಗೆ ಇದು ಇನ್ನೂ ಕಷ್ಟ. ಡಬ್ಲ್ಯೂ ಮತ್ತು ವೈ ಅಕ್ಷರಗಳ ಮೇಲೆ ಟೊಪ್ಪಿಗೆ ಬರುತ್ತದೆ, ಒಂದು ಫೈಲಿನಲ್ಲಿ ಹಾಕಿರುತ್ತಾರೆ, ಇನ್ನೊಂದರಲ್ಲಿ ಇರುವುದಿಲ್ಲ. ಸಿಎಸ್‌ವಿ ಫೈಲನ್ನು ಯುಟಿಎಫ್-8 ಅಕ್ಷರ ಸಂಕೇತದಲ್ಲಿದೆ ಅಂತ ಹೇಳದೆ ಶೀಟಿನಲ್ಲಿ ತೆರೆದರೆ, ಹಳೆಯ ನುಡಿ ಫೈಲನ್ನು ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದ ಹಾಗೆ ಎಲ್ಲಾ ಚೆಲ್ಲಾಪಿಲ್ಲಿ. ಜೊತೆಗೆ ಹೆಸರೇ ಬದಲಾಗುತ್ತದೆ: ಗಾರ್ನೆದ್ ಇಖಾವ್ ಅಂತಿದ್ದದ್ದು 2009ರಲ್ಲಿ ಕಾರ್ನೆದ್ ಗ್ವೆನ್‌ಲಿಯನ್ ಆಯಿತು. ಡೇಟಾಬೇಸ್ ಆಫ್ ಬ್ರಿಟಿಷ್ ಅಂಡ್ ಐರಿಶ್ ಹಿಲ್ಸ್ ಅನ್ನುವ ಉಚಿತ ಫೈಲು ಇದೆ, ಅದರಲ್ಲಿ ಪ್ರತಿ ಬೆಟ್ಟಕ್ಕೂ ಒಂದು ನಂಬರ್ ಇರುತ್ತದೆ. ಆ ನಂಬರಿನ ಮೇಲೆ ಜೋಡಿಸಿ. ಹಳೆಯ ಪಟ್ಟಿಯಲ್ಲಿ ನಂಬರ್ ಇಲ್ಲದಿದ್ದರೆ ಗ್ರಿಡ್ ರೆಫರೆನ್ಸ್ ಹೋಲಿಸಿ, ನೂರಿನ್ನೂರು ಮೀಟರ್ ಆಚೀಚೆ ಬಿಟ್ಟುಕೊಡಿ.

ಹೊಸನಗರ_ಹೈಕರ್:
14 ಅಥವಾ 15 ಅನ್ನುವ ಗೊಂದಲ ಯಾಕೆ ಅಂತ ಕೇಳಬೇಕು ಅಂತಿದ್ದೆ.

ಅಳತೆಕೋಲು:
ಅದೇ ಕಾರ್ನೆದ್ ಗ್ವೆನ್‌ಲಿಯನ್, 926 ಮೀಟರ್. ಎತ್ತರ ಸಾಕಷ್ಟಿದೆ, ಡ್ರಾಪ್ ಕಡಿಮೆ. 30 ಮೀಟರ್ ನಿಯಮ ಹಾಕಿದರೆ ಹೊರಗೆ, ಆಗ 14. ಇನ್ನೂ ಸಡಿಲ ಮಾಡಿ ನಟ್ಟಲ್ ಪಟ್ಟಿಯವರ 15 ಮೀಟರ್ ನಿಯಮಕ್ಕೆ ಬಂದರೆ ಅದೂ ಒಳಗೆ, ಗ್ಲಿಡರ್ ವಾಖ್ ಪಕ್ಕದ ಕಲ್ಲುಗುಡ್ಡೆ ಕಾಸ್ಟೆಲ್ ಅ ಗ್ವಿಂಟ್ ಕೂಡ ಒಳಗೆ. ಅದು 972 ಮೀಟರ್. ಒಂದೇ ದಿನದಲ್ಲಿ ಎಲ್ಲಾ ಮುಗಿಸುವವರು ಈ ಕಾಸ್ಟೆಲ್ ಅ ಗ್ವಿಂಟನ್ನು ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ, ಹಾಗಾಗಿ ಅವರಿಗೆ 15.

ಶೂನ್ಯರೇಖೆ:
ಡ್ರಾಪ್ ವಿಷಯಕ್ಕೆ ನಾನು ಬರುತ್ತೇನೆ. ನಿಮ್ಮ ಸ್ಕ್ರಿಪ್ಟ್ ಬರೆದಿರುವ ರೀತಿಯಲ್ಲೇ ತೊಂದರೆ ಇದೆ. "ಹತ್ತಿರದ ಎತ್ತರದ ಬೆಟ್ಟ" ಹುಡುಕುವುದೇ ಬೇಡ. ಡ್ರಾಪ್ ಅಂದರೆ ಬೆಟ್ಟದ ತುದಿಯಿಂದ ಹೊರಟು, ಅದಕ್ಕಿಂತ ಎತ್ತರದ ನೆಲ ಎಲ್ಲಿದ್ದರೂ ಸರಿ ಅಲ್ಲಿಗೆ ತಲುಪಲು ಅತಿ ಕಡಿಮೆ ಎಷ್ಟು ಇಳಿಯಬೇಕು ಅನ್ನುವುದು. ದೂರ ಎಷ್ಟಾದರೂ ಆಗಲಿ, ದಾರಿ ಎಷ್ಟು ಸುತ್ತಾದರೂ ಆಗಲಿ. ಆ ದಾರಿಯ ಅತಿ ತಗ್ಗಿನ ಜಾಗವೇ ಕೋಲ್.

ವಾನ್ ಅ ಬಿಗ್ ಇದಕ್ಕೆ ಒಳ್ಳೆಯ ಉದಾಹರಣೆ. ಅದು ಬ್ರೆಕನ್ ಬೀಕನ್ಸ್‌ನಲ್ಲಿ, ಕ್ರಿಬಿನ್ ಪಕ್ಕದಲ್ಲಿದೆ. ಕ್ರಿಬಿನ್ 795 ಮೀಟರ್, ಹತ್ತಿರ ಇದೆ, ಎತ್ತರ ಇದೆ, ಹಾಗಾಗಿ ನಿಮ್ಮ ಸ್ಕ್ರಿಪ್ಟ್ ಅದನ್ನು ಹಿಡಿದುಕೊಂಡಿತು. ಅವೆರಡರ ನಡುವಿನ ಕಣಿವೆ, ದ ಗ್ಯಾಪ್ ಅಂತ ಕರೆಯುತ್ತಾರಲ್ಲ, ಅಲ್ಲಿ 599 ಮೀಟರ್. 717ರಿಂದ 599 ಕಳೆದರೆ ನಿಮ್ಮ 118 ಬಂತು. ಆದರೆ ವಾನ್ ಅ ಬಿಗ್‌ನಿಂದ ಇನ್ನೊಂದು ಕಡೆ, ವೈನ್ ರಿದ್ ಬೆಟ್ಟ ಇರುವ ಎತ್ತರದ ಬಯಲಿಗೆ ನಡೆದುಕೊಂಡು ಹೋಗಿ ನೋಡಿ, ಇಳಿಯುವುದು ಬಹಳ ಕಡಿಮೆ. ಆ ಬಯಲು ಮುಂದೆ 750 ಮೀಟರ್ ದಾಟುತ್ತದೆ. 2018ರಲ್ಲಿ ಹೊಸದಾಗಿ ಅಳೆದಾಗ ವಾನ್ ಅ ಬಿಗ್ ಎತ್ತರ 717.7, ಡ್ರಾಪ್ 28.4 ಬಂತು. 30ಕ್ಕೆ ಒಂದೂವರೆ ಮೀಟರ್ ಕಮ್ಮಿ. ಹ್ಯೂಯಿಟ್ ಪಟ್ಟಿಯಿಂದ ಹೊರಗೆ ಬಿತ್ತು, ನಟ್ಟಲ್ ಪಟ್ಟಿಯಲ್ಲಿ ಹಾಗೇ ಉಳಿಯಿತು. ಬೆಟ್ಟ ಕುಗ್ಗಲಿಲ್ಲ, ಕೋಲ್ ಅಳತೆ ಸರಿಯಾಯಿತು ಅಷ್ಟೇ. ಗಡಿಯಲ್ಲಿರುವ ಬೆಟ್ಟಗಳ ಹಣೆಬರಹವನ್ನು ಹೆಚ್ಚಾಗಿ ಬರೆಯುವುದು ಈ ಕೋಲ್‌ಗಳೇ, ಆದರೆ ಎಲ್ಲರೂ ತುದಿಯ ಮೇಲೆ ನಿಂತು ಫೋಟೋ ತೆಗೆದುಕೊಳ್ಳುತ್ತಾರೆ.

ಸ್ನೋಡನ್ ಕಥೆ ಇನ್ನೂ ಮಜಾ. ನೀವು ವೇಲ್ಸ್ ಗಡಿಗೆ ಕತ್ತರಿಸಿದ್ದೀರಿ. ಒಳಗೆ ಅದಕ್ಕಿಂತ ಎತ್ತರದ್ದು ಇಲ್ಲ, ಹಾಗಾಗಿ ಸ್ಕ್ರಿಪ್ಟ್ ಸಮುದ್ರದಿಂದ ಅಳೆದು 1085 ಕೊಟ್ಟಿತು. ಸ್ನೋಡನ್‌ಗಿಂತ ಎತ್ತರದ ನೆಲ ಬೇಕಾದರೆ ಸ್ಕಾಟ್ಲೆಂಡಿಗೇ ಹೋಗಬೇಕು, ಇಂಗ್ಲೆಂಡಿನ ಸ್ಕೇಫೆಲ್ ಪೈಕ್ ಬರೀ 978. ದಾರಿಯಲ್ಲಿ ಅತಿ ತಗ್ಗು ಸಿಗುವುದು ಗ್ಲಾಸ್ಗೋ ಮತ್ತು ಎಡಿನ್‌ಬರೋ ನಡುವಿನ ತಗ್ಗು ಪ್ರದೇಶದಲ್ಲಿ, ಸುಮಾರು 46 ಮೀಟರ್. 1085ರಲ್ಲಿ ಅದನ್ನು ಕಳೆದರೆ 1039. ವೇಲ್ಸ್‌ನ ಅತಿ ಎತ್ತರದ ಬೆಟ್ಟದ ಡ್ರಾಪ್ ತಿಳಿಯಲು ಸ್ಕಾಟ್ಲೆಂಡಿನ ನಕ್ಷೆ ಬೇಕು. ಗಡಿಯ ಬೆಟ್ಟಗಳಿಗೂ ಇದೇ ಗತಿ. ಬ್ಲ್ಯಾಕ್ ಮೌಂಟನ್ 703 ಮೀಟರ್, ಅದರ ತುದಿಯೇ ಇಂಗ್ಲೆಂಡ್ ಗಡಿಯ ಮೇಲಿದೆ. ಟೆರೇನ್ 50 ಇಡೀ ಬ್ರಿಟನ್‌ಗೆ ಉಚಿತ, ಪೂರ್ತಿ ಇಳಿಸಿಕೊಳ್ಳಿ.

ಗುಡ್ಡಗಾಡು_ಕಾರ್ಡಿಫ್:
ಸ್ಕಾಟ್ಲೆಂಡ್ ಅಂತ ಕನಸಿನಲ್ಲೂ ಅಂದುಕೊಂಡಿರಲಿಲ್ಲ. ಹಾಗಾದರೆ ಟೆರೇನ್ 50 ಪೂರ್ತಿ ಹಾಕಿ ಸರಿಯಾದ ಲೆಕ್ಕ ಬರೆದರೆ 28.4 ನನಗೂ ಬರುತ್ತದಾ?

ಶೂನ್ಯರೇಖೆ:
ಬರುವುದಿಲ್ಲ. 50 ಮೀಟರಿಗೊಂದು ಬಿಂದು ಇರುವ ಗ್ರಿಡ್ ಅದು. ಚೂಪಾದ ತುದಿಗಳು ಮೊಂಡಾಗುತ್ತವೆ, ಕ್ರಿಬ್ ಗೋಖ್ ತರಹದ ಕತ್ತಿ ಅಂಚಿನ ಏಣು ಅಂತೂ ಅದರಲ್ಲಿ ಗುರುತೇ ಸಿಗುವುದಿಲ್ಲ. 150 ಮೀಟರ್ ಡ್ರಾಪ್ ಬೇಕಾದ ಮ್ಯಾರಿಲಿನ್ ಪಟ್ಟಿಗೆ ಅದು ಬಹುಪಾಲು ಸಾಕು. 30ರ ಆಸುಪಾಸಿನಲ್ಲಿ ಇರುವುದಕ್ಕೆ ಸಾಲದು. ಅಂಥವನ್ನು ಮಾತ್ರ ಬೇರೆ ಮಾಡಿಕೊಂಡು, ವೇಲ್ಸ್ ಸರ್ಕಾರ ಉಚಿತವಾಗಿ ಕೊಡುವ 1 ಮೀಟರ್ ಲೈಡಾರ್ (ವಿಮಾನದಿಂದ ಲೇಸರ್ ಬಿಟ್ಟು ಅಳೆದ) ಡೇಟಾದಲ್ಲಿ ನೋಡಿ. ಬರೀ ನೆಲದ ಎತ್ತರ ಇರುವ ಡಿಟಿಎಂ ತೆಗೆದುಕೊಳ್ಳಿ, ಮರ ಕಟ್ಟಡ ಎಲ್ಲಾ ಸೇರಿದ ಡಿಎಸ್‌ಎಂ ತೆಗೆದುಕೊಂಡರೆ ಕೋಲ್‌ನಲ್ಲಿರುವ ಪೈನ್ ಮರಗಳ ತಲೆಯನ್ನು ಅಳೆಯುತ್ತೀರಿ. ಕೋಲ್‌ಗಳಿಗೆ ಲೈಡಾರ್ ಬಹಳ ಒಳ್ಳೆಯದು, ಹುಲ್ಲುಗಾವಲು ತಾನೇ. ಬಂಡೆ ತುದಿಗಳಿಗೆ ಅಷ್ಟು ನಂಬಿಕೆ ಇಡಬೇಡಿ, ಡಿಟಿಎಂ ಮಾಡುವಾಗ ಬಂಡೆಯ ತಲೆಯನ್ನೂ ಸವರಿಬಿಡುತ್ತಾರೆ.

ಅಳತೆಕೋಲು:
ಗ್ಲಿಡರ್ ವಾರ್ ವಿಷಯ ಇಲ್ಲೇ ಬರುತ್ತದೆ. ನಕ್ಷೆಯಲ್ಲಿ ವರ್ಷಗಟ್ಟಲೆ 999 ಅಂತಿತ್ತು. 2010ರಲ್ಲಿ ತುದಿಯ ಮೇಲೆ ಸರ್ವೆ ದರ್ಜೆಯ ಜಿಪಿಎಸ್ ಇಟ್ಟು ಅಳೆದಾಗ 1000.8 ಮೀಟರ್ ಬಂತು. ವೇಲ್ಸ್‌ನಲ್ಲಿ 1000 ಮೀಟರ್ ದಾಟಿದ ಬೆಟ್ಟ ನಾಲ್ಕಿದ್ದದ್ದು ಐದಾಯಿತು. ಅದೇ ವರ್ಷ ಟ್ರಿವಾನ್ ಕೂಡ ಅಳೆದರು. ನಕ್ಷೆಯ 915 ಅಂದರೆ 3000 ಅಡಿಗೆ ಅರ್ಧ ಮೀಟರ್ ಮೇಲೆ ಅಷ್ಟೇ, ಕಮ್ಮಿ ಬಂದರೆ ಪಟ್ಟಿಯಿಂದ ಬಿದ್ದೇ ಹೋಗುತ್ತಿತ್ತು. 917.5 ಬಂತು. ನಿಮ್ಮ ಎತ್ತರದ ಫೈಲು 2010ಕ್ಕಿಂತ ಹಳೆಯದು, ಬಿಸಾಕಿ.

ಮನಿದ್ ಗ್ರೈಗ್ ಗೋಖ್ ಕೂಡ ಹೀಗೇ, 609 ಅಂತಿದ್ದದ್ದನ್ನು 2008ರಲ್ಲಿ ಅಳೆದಾಗ 609.75 ಆಯಿತು. 2000 ಅಡಿ ಅಂದರೆ 609.6. ಹೊಸ ಫೈಲು ಹಾಕಿದ ಮೇಲೂ ಅದು ನಿಮ್ಮ ಶೀಟಿಗೆ ಬರದಿದ್ದರೆ ನಿಮ್ಮ ಫಿಲ್ಟರ್ ನೋಡಿ. 610 ಅಂತ ಹಾಕಿದ್ದೀರಾ?

ಗುಡ್ಡಗಾಡು_ಕಾರ್ಡಿಫ್:
ಹೌದು, 610 ಮತ್ತು ಮೇಲೆ ಅಂತಿದೆ.

ಅಳತೆಕೋಲು:
ಅದನ್ನು 609.6 ಮಾಡಿ. ದಶಮಾಂಶ ಎಷ್ಟಿದೆಯೋ ಅಷ್ಟನ್ನೂ ಉಳಿಸಿಕೊಳ್ಳಿ, ತೋರಿಸುವಾಗ ಮಾತ್ರ ಪೂರ್ಣಾಂಕ ಮಾಡಿ. ಇಂಗ್ಲೆಂಡಿನ ಕಾಫ್ ಟಾಪ್ ಬೆಟ್ಟ 609.606 ಮೀಟರ್, ಗಡಿಗಿಂತ 6 ಮಿಲಿಮೀಟರ್ ಜಾಸ್ತಿ. ಅದು ಒಳಗೆ ಬಂದದ್ದು 2016ರಲ್ಲಿ, ಆರ್ಡ್‌ನೆನ್ಸ್ ಸರ್ವೆಯವರು ಜಿಪಿಎಸ್ ಎತ್ತರವನ್ನು ಸಮುದ್ರಮಟ್ಟದ ಎತ್ತರಕ್ಕೆ ತಿರುಗಿಸುವ ಮಾದರಿಯನ್ನು ಬದಲಿಸಿದಾಗ. ಆಗ ಯಾರೂ ಮತ್ತೆ ಬೆಟ್ಟ ಹತ್ತಲೂ ಇಲ್ಲ.

ಇನ್ನೊಂದು. ಮನಿದ್ ಗ್ರೈಗ್ ಗೋಖ್ ಮೇಲೆ ಹೋದಾಗ ಕೆಳಗಿನ ಪಟ್ಟಿಯಿಂದ ಬಿಟ್ಟುಹೋಯಿತು. 500 ಮೀಟರಿನಿಂದ 2000 ಅಡಿಯೊಳಗಿನವು ಡ್ಯೂವಿ ಪಟ್ಟಿಯಲ್ಲಿ ಇರುತ್ತವೆ. ಎರಡನ್ನೂ ಇಡುವುದಾದರೆ ಎರಡು ಶೀಟ್ ಮಾಡಬೇಡಿ, ಒಂದೇ ಶೀಟಿನಲ್ಲಿ ಫಿಲ್ಟರ್ ಬದಲಿಸಿ, ಇಲ್ಲದಿದ್ದರೆ ಒಂದು ಬೆಟ್ಟ ಎರಡೂ ಕಡೆ ಇರುತ್ತದೆ, ಇಲ್ಲಾ ಎರಡೂ ಕಡೆ ಇರುವುದಿಲ್ಲ.

ಹೊಸನಗರ_ಹೈಕರ್:
ನನ್ನ ಫೋನಿನಲ್ಲಿ ಗ್ಲಿಡರ್ ವಾರ್ ತುದಿಯಲ್ಲಿ ಸಾವಿರದೈವತ್ತರ ಮೇಲೆ ತೋರಿಸಿತ್ತು. ಅದನ್ನೂ ಸೇರಿಸಿಕೊಳ್ಳಿ 🙂

ಶೂನ್ಯರೇಖೆ:
ಅದು ಎಲಿಪ್ಸಾಯ್ಡ್ (ಜಿಪಿಎಸ್ ಬಳಸುವ, ಭೂಮಿಯ ಗಣಿತದ ಆಕಾರ) ಮೇಲಿನ ಎತ್ತರ, ಸಮುದ್ರಮಟ್ಟದಿಂದ ಅಲ್ಲ. ಅಲ್ಲಿ ಇವೆರಡಕ್ಕೂ 50 ಮೀಟರಿಗೂ ಮಿಕ್ಕಿ ವ್ಯತ್ಯಾಸ ಇದೆ. ಕೆಲವು ಆ್ಯಪ್ ಸರಿಮಾಡಿ ತೋರಿಸುತ್ತವೆ, ಕೆಲವು ಸುಮ್ನೆ ಹಾಗೇ ಕೊಡುತ್ತವೆ. ಸರಿಮಾಡಿದರೂ ಫೋನ್ ಕೆಲವು ಮೀಟರ್ ಆಚೀಚೆ ಹೋಗುತ್ತದೆ, ಪಟ್ಟಿಗೆ ಬೇಡ.

ಗುಡ್ಡಗಾಡು_ಕಾರ್ಡಿಫ್:
ಅಪ್‌ಡೇಟ್: ನಂಬರ್ ಮೇಲೆ ಜೋಡಿಸಿದ ತಕ್ಷಣ 3000 ಅಡಿಯವು 14 ಆದವು. ಗ್ಲಿಡರ್ ವಾರ್ ಹೊಸ ಫೈಲಿನಿಂದ 1000.8 ಬಂತು. ಮನಿದ್ ಗ್ರೈಗ್ ಗೋಖ್ 609.6 ಹಾಕಿದ ಮೇಲೆ ಬಂತು. ಡ್ರಾಪ್‌ಗೆ ಸ್ಕ್ರಿಪ್ಟ್ ಬಿಟ್ಟು ಸದ್ಯಕ್ಕೆ ಆ ಡೇಟಾಬೇಸಿನ ಕಾಲಂ ಅನ್ನೇ ತೆಗೆದುಕೊಂಡಿದ್ದೇನೆ, 25ರಿಂದ 35ರ ನಡುವೆ ಇರುವವನ್ನು ಮಾತ್ರ ಲೈಡಾರ್‌ನಲ್ಲಿ ನೋಡುತ್ತೇನೆ. ಒಂದೇ ಉಳಿದದ್ದು: ಎತ್ತರದ ಪ್ರಕಾರ ವಿಂಗಡಿಸಿದರೆ 1085 ಸೇರಿ ಸಾವಿರ ದಾಟಿದವೆಲ್ಲಾ ಕೆಳಗೆ ಹೋಗುತ್ತಿವೆ, ಮೇಲೆ 994.

ಅಳತೆಕೋಲು:
ಎತ್ತರದ ಕಾಲಂ ಪಠ್ಯವಾಗಿ ಬಂದಿದೆ, 9 ಅನ್ನುವುದು 1ಕ್ಕಿಂತ ದೊಡ್ಡದು ಅಂತ ಅಕ್ಷರದ ಲೆಕ್ಕ ಹಾಕುತ್ತಿದೆ. ಸಂಖ್ಯೆಗೆ ಬದಲಿಸಿ. ಆಮೇಲೆ ಪ್ರತಿ ಸಾಲಿಗೂ ಎರಡು ಕಾಲಂ ಸೇರಿಸಿ: ಎತ್ತರ ಹೇಗೆ ಅಳೆದದ್ದು, ನಕ್ಷೆಯಾ, ಲೈಡಾರಾ, ಜಿಪಿಎಸ್ಸಾ, ಮತ್ತು ಯಾವ ವರ್ಷ. ಡೇಟಾಬೇಸಿನ ಹೊಸ ಆವೃತ್ತಿ ಬಂದಾಗ ಹಳೆಯದರ ಜೊತೆ ನಂಬರ್ ಮೇಲೆ ಹೋಲಿಸಿ, ಬದಲಾದ ಸಾಲುಗಳನ್ನಷ್ಟೇ ನೋಡಿದರೆ ಆಯಿತು. ತೆಗೆದುಹಾಕಿದ ಬೆಟ್ಟವನ್ನು ಅಳಿಸಬೇಡಿ, ಪಕ್ಕದಲ್ಲಿ "2018ರವರೆಗೆ" ಅಂತ ಬರೆದಿಡಿ.

ಹೊಸನಗರ_ಹೈಕರ್:
ಇಷ್ಟೆಲ್ಲಾ ಬೇಕಾ ಸರ್, 600 ಮೀಟರ್ ಅಂತ ಗಡಿ ಇಟ್ಟುಕೊಂಡರೆ ಅಡಿ ಗೋಳೇ ಇಲ್ಲವಲ್ಲ.

ಅಳತೆಕೋಲು:
ಆ ಪಟ್ಟಿಯೂ ಇದೆ, ಸಿಮ್ಸ್ ಅಂತ, 600 ಮೀಟರ್ ಮತ್ತು 30 ಮೀಟರ್ ಡ್ರಾಪ್. ಅಡಿ ಗೋಳು ತಪ್ಪುತ್ತದೆ, 599.9ರ ಗೋಳು ಶುರುವಾಗುತ್ತದೆ.

ಗುಡ್ಡಗಾಡು_ಕಾರ್ಡಿಫ್:
ಸಂಖ್ಯೆಗೆ ಬದಲಿಸಿದೆ, ಸ್ನೋಡನ್ ಮೇಲೆ ಬಂತು. ಎಲ್ಲರಿಗೂ ಧನ್ಯವಾದ. ಶೀರ್ಷಿಕೆಗೆ "ಪರಿಹಾರವಾಗಿದೆ" ಅಂತ ಸೇರಿಸುತ್ತಿದ್ದೇನೆ.