6 ವೋಲ್ಟ್ ಬೀಟಲ್‌ಗೆ 1600 ಇಂಜಿನ್ ಕೂರಿಸಿದ ಮೇಲೆ ಸೆಲ್ಫ್ ಎಳೆಯುತ್ತಿಲ್ಲ

ನೀಲಿಬೀಟಲ್

ಎಲ್ಲರಿಗೂ ನಮಸ್ಕಾರ. ನನ್ನದು 1965ರ ಫೋಕ್ಸ್‌ವ್ಯಾಗನ್ ಬೀಟಲ್ ಕಾರು, ಮೂಲತಃ 6 ವೋಲ್ಟ್ ಗಾಡಿ. ಹಳೆ 1200 ಇಂಜಿನ್ ಇಳಿಸಿ 1600 ಡ್ಯುಯಲ್ ಪೋರ್ಟ್ ಕೂರಿಸಿದ್ದೇನೆ. ಗೇರ್‌ಬಾಕ್ಸ್ ಮಾತ್ರ ಹಳೆಯದೇ. ಬ್ಯಾಟರಿ, ಬಲ್ಬು, ವೈಪರ್ ಮೋಟಾರ್, ಸ್ಟಾರ್ಟರ್ ಎಲ್ಲ ಈಗ 12 ವೋಲ್ಟ್.

ಇಂಜಿನ್ ಸೊಗಸಾಗಿ ಓಡುತ್ತದೆ. ತೊಂದರೆ ಇರುವುದು ಸ್ಟಾರ್ಟ್ ಮಾಡುವಾಗ. ತಣ್ಣಗಿದ್ದಾಗ ಸೆಲ್ಫ್ ಹೊಡೆದರೆ ಬ್ಯಾಟರಿ ಇಳಿದ ಹಾಗೆ ನಿಧಾನವಾಗಿ ಎಳೆಯುತ್ತದೆ, ಹೇಗೋ ಸ್ಟಾರ್ಟ್ ಆಗುತ್ತದೆ. ಸ್ವಲ್ಪ ದೂರ ಓಡಿಸಿ ನಿಲ್ಲಿಸಿದೆನೋ ಮುಗೀತು, ಬರೀ ‘ಟಕ್’. ಆರುವ ತನಕ ಕಾದರೆ ಮತ್ತೆ ಎಳೆಯುತ್ತದೆ. ಸ್ಟಾರ್ಟ್ ಆಗಿ ಕೀ ಬಿಟ್ಟಾಗ ‘ಕ್ರೀಚ್’ ಅಂತ ಉಜ್ಜಿದ ಶಬ್ದ ಬೇರೆ.

ಬ್ಯಾಟರಿ ಹೊಸದು, ಸುಮ್ನೆ ನಿಂತಾಗ 12.6 ವೋಲ್ಟ್ ತೋರಿಸುತ್ತದೆ. ಸ್ಟಾರ್ಟರ್ ಬಿಚ್ಚಿ ಬೆಂಚ್ ಮೇಲೆ ಕರೆಂಟ್ ಕೊಟ್ಟರೆ ಗಿರ್ರನೆ ತಿರುಗುತ್ತದೆ. ಬೇರೆ ಸ್ಟಾರ್ಟರ್ ತಂದು ಹಾಕಿ ಅಂತ ಎಲ್ಲರೂ ಹೇಳುತ್ತಿದ್ದಾರೆ. ಇಷ್ಟು ಚೆನ್ನಾಗಿ ತಿರುಗೋದನ್ನು ಬಿಸಾಡಲು ಮನಸ್ಸಿಲ್ಲ. ಮೊದಲು ಏನು ನೋಡಲಿ?

ವೈರ್‌ಕಟ್ಟು

ಬಿಸಿಯಾದಾಗ ಬರೀ ‘ಟಕ್’ ಅಂದರೆ ಸೊಲೆನಾಯ್ಡ್‌ಗೆ (ಕೀ ತಿರುಗಿಸಿದಾಗ ಸ್ಟಾರ್ಟರ್ ಮೋಟಾರ್‌ಗೆ ಕರೆಂಟ್ ಹಾಯಿಸುವ ಸ್ವಿಚ್ಚು) ಹೋಗುವ ವೈರ್ ನೋಡಿ ಸರ್. ಬೀಟಲ್‌ನಲ್ಲಿ ಕರೆಂಟ್ ಹಿಂದಿನಿಂದ ಮುಂದೆ ಕೀ ತನಕ ಹೋಗಿ, ಅಲ್ಲಿಂದ ಮತ್ತೆ ಹಿಂದೆ 50ನೇ ನಂಬರ್ ಟರ್ಮಿನಲ್‌ಗೆ ಬರಬೇಕು. ಅಷ್ಟು ಉದ್ದದ ಹಳೆ ವೈರ್, ತುಕ್ಕು ಹಿಡಿದ ಜಾಯಿಂಟ್, ಸವೆದ ಕೀ ಸ್ವಿಚ್ಚು. ಎಲ್ಲಾ ಸೇರಿ ವೋಲ್ಟೇಜ್ ತಿಂದುಬಿಡುತ್ತವೆ. ಸ್ಟಾರ್ಟರ್ ಹತ್ತಿರ ಒಂದು ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟ್ ಹಾಯಿಸುವ ಸ್ವಿಚ್ಚು) ಹಾಕಿ, ಫ್ಯೂಸ್ ಕೊಟ್ಟು, ಬ್ಯಾಟರಿಯಿಂದ ನೇರ ಕರೆಂಟ್ ತೆಗೆದುಕೊಳ್ಳಿ. ನನ್ನ ಗಾಡಿಯಲ್ಲಿ ಇದರಿಂದಲೇ ಸರಿಹೋಯಿತು.

ಗೇರ್‌ಪೆಟ್ಟಿಗೆ

ರಿಲೇ ಒಳ್ಳೆಯದೇ. ಆದರೆ ತಣ್ಣಗಿದ್ದಾಗಲೂ ನಿಧಾನವಾಗಿ ಎಳೆಯುತ್ತದೆ ಅಂದರಲ್ಲ, ಅದಕ್ಕೆ ರಿಲೇ ಉತ್ತರ ಅಲ್ಲ. ರಿಲೇ ಸೊಲೆನಾಯ್ಡನ್ನು ಗಟ್ಟಿಯಾಗಿ ಎಳೆಯುತ್ತದೆ, ಅಷ್ಟೇ. ಮೋಟಾರ್‌ಗೆ ಹೋಗುವ ಕರೆಂಟಿಗೂ ಅದಕ್ಕೂ ಸಂಬಂಧ ಇಲ್ಲ.

ನೀಲಿಬೀಟಲ್ ಅವರೇ, ಹಳೆ ಗೇರ್‌ಬಾಕ್ಸ್ ಅಂತ ಬರೆದಿದ್ದೀರಿ. ಸ್ಟಾರ್ಟರ್ ಬುಷ್ ಬದಲಾಯಿಸಿದಿರಾ? ನಿಮ್ಮ ಬರಹದಲ್ಲಿ ಆ ಮಾತೇ ಇಲ್ಲ. ನನ್ನ ಅನುಮಾನ ಪೂರ್ತಿ ಅಲ್ಲೇ ಇದೆ.

ಬೀಟಲ್ ಸ್ಟಾರ್ಟರ್‌ಗೆ ಮುಂದಿನ ತುದಿಯಲ್ಲಿ ತನ್ನದೇ ಬೇರಿಂಗ್ ಇಲ್ಲ. ಶಾಫ್ಟಿನ ತುದಿ ಹೋಗಿ ಕೂರುವುದು ಗೇರ್‌ಬಾಕ್ಸ್‌ನ ಬೆಲ್ ಹೌಸಿಂಗ್‌ನಲ್ಲಿರುವ (ಇಂಜಿನ್ ಕಡೆಯ ಅಗಲವಾದ ಕವಚ) ಒಂದು ಪುಟ್ಟ ಹಿತ್ತಾಳೆ ಬಣ್ಣದ ಬುಷ್ ಒಳಗೆ. 6 ವೋಲ್ಟ್ ಸ್ಟಾರ್ಟರ್ ಶಾಫ್ಟ್ 12.5 ಮಿ.ಮೀ. ದಪ್ಪ. 12 ವೋಲ್ಟಿನದು 10.9. ಹಳೆ ಬುಷ್ ಹಾಗೇ ಇದ್ದರೆ ಶಾಫ್ಟ್ ಸುತ್ತ ಒಂದೂವರೆ ಮಿ.ಮೀ.ಗಿಂತ ಜಾಸ್ತಿ ಸಡಿಲ. ಪಿನಿಯನ್ (ಸ್ಟಾರ್ಟರ್‌ನ ಪುಟ್ಟ ಹಲ್ಲುಚಕ್ರ) ಫ್ಲೈವೀಲ್ ಹಲ್ಲಿಗೆ ಹಲ್ಲು ಕೊಟ್ಟು ತಳ್ಳಿದ ಕೂಡಲೇ ಶಾಫ್ಟ್ ಪಕ್ಕಕ್ಕೆ ವಾಲುತ್ತದೆ, ಒಳಗೆ ಆರ್ಮೇಚರ್ (ಮೋಟಾರಿನ ತಿರುಗುವ ಭಾಗ) ಹೋಗಿ ಸುತ್ತಲಿನ ಪೋಲ್ ಶೂಗಳಿಗೆ (ತಿರುಗದ ಕಬ್ಬಿಣದ ತುಂಡುಗಳು) ಉಜ್ಜುತ್ತದೆ. ಎಳೆತ ಭಾರವಾಗುತ್ತದೆ, ಕರೆಂಟ್ ಜಾಸ್ತಿ ಕುಡಿಯುತ್ತದೆ, ಬಿಸಿಯಾದಾಗ ಅಲ್ಲೇ ಕಚ್ಚಿಕೊಂಡು ನಿಲ್ಲುತ್ತದೆ. ಬೆಂಚ್ ಮೇಲೆ ಚೆನ್ನಾಗಿ ತಿರುಗಲೇಬೇಕು, ಅಲ್ಲಿ ಪಕ್ಕಕ್ಕೆ ತಳ್ಳುವವರು ಯಾರೂ ಇಲ್ಲವಲ್ಲ! ಹೊಸ ಸ್ಟಾರ್ಟರ್ ಹಾಕಿದರೂ ಅದೂ ಹೀಗೇ ಉಜ್ಜಿ ಹಾಳಾಗುತ್ತದೆ. ಅದಕ್ಕೇ ದಯವಿಟ್ಟು ಅಳೆಯದೆ ಕೊಳ್ಳಬೇಡಿ.

ಇನ್ನೊಂದು, ಫ್ಲೈವೀಲ್, ಅಂದರೆ ಸ್ಟಾರ್ಟರ್ ತಿರುಗಿಸುವ ಇಂಜಿನ್ನಿನ ದೊಡ್ಡ ಹಲ್ಲುಚಕ್ರ. 6 ವೋಲ್ಟಿನದಕ್ಕೆ 109 ಹಲ್ಲು, 12 ವೋಲ್ಟಿನದಕ್ಕೆ 130. ದೊಡ್ಡದು ಹಳೆ ಬೆಲ್ ಹೌಸಿಂಗ್‌ನಲ್ಲಿ ಸಲೀಸಾಗಿ ಕೂರಲ್ಲ, ಒಳಗೆ ಅಲ್ಲಲ್ಲಿ ಉಜ್ಜಿ ಜಾಗ ಮಾಡಬೇಕು. ಪ್ಲಗ್‌ಗಳನ್ನು ಬಿಚ್ಚಿ, ಡೈನಮೋ ಪುಲ್ಲಿ ನಟ್‌ಗೆ 21ರ ಸ್ಪ್ಯಾನರ್ ಹಾಕಿ ಇಂಜಿನ್ನನ್ನು ಕೈಯಲ್ಲಿ ಪೂರ್ತಿ ಸುತ್ತು ತಿರುಗಿಸಿ. ಗೇರ್ ನ್ಯೂಟ್ರಲ್‌ನಲ್ಲಿರಲಿ. ಎಲ್ಲೂ ಗರಗರ ಶಬ್ದ, ಬಿಗಿತ ಇರಬಾರದು.

ಸ್ಟಾರ್ಟರ್ ಮುಟ್ಟುವ ಮೊದಲು ಬ್ಯಾಟರಿ ನೆಗೆಟಿವ್ ತೆಗೆಯಿರಿ. ಅಲ್ಲಿಗೆ ಬರುವ ದಪ್ಪ ಕೇಬಲ್‌ಗೆ ಫ್ಯೂಸ್ ಇಲ್ಲ, ಯಾವಾಗಲೂ ಕರೆಂಟ್ ಇರುತ್ತದೆ. ಸ್ಪ್ಯಾನರ್ ಬಾಡಿಗೆ ತಗುಲಿದರೆ ಕೈ ಸುಡುತ್ತದೆ.

ಮೀಟರ್‌ಹಿಡಿ

ಬುಷ್ ವಿಷಯ ಸರಿ. ಅದಕ್ಕೂ ಮೊದಲು ಏನೂ ಬಿಚ್ಚದೆ ಮಾಡಬಹುದಾದ ಒಂದು ಪರೀಕ್ಷೆ ಇದೆ.

ಬೀಟಲ್‌ನಲ್ಲಿ ಇಂಜಿನ್ನೂ ಗೇರ್‌ಬಾಕ್ಸೂ ರಬ್ಬರ್ ಮೌಂಟ್ ಮೇಲೆ ಕೂತಿವೆ. ಬಾಡಿಗೂ ಅವಕ್ಕೂ ಕರೆಂಟ್ ಸಂಪರ್ಕ ಅಂದರೆ ಗೇರ್‌ಬಾಕ್ಸ್ ಮೂತಿಯ ಹತ್ತಿರ ಇರುವ ಹೆಣೆದ ಅರ್ತ್ ಪಟ್ಟಿ. ಅದು ಇಲ್ಲದಿದ್ದರೆ, ಇಲ್ಲವೇ ಬೋಲ್ಟ್ ಕೆಳಗೆ ಬಣ್ಣ ಇದ್ದರೆ, ಅಷ್ಟೂ ಕರೆಂಟ್ ಆಕ್ಸಿಲರೇಟರ್ ಕೇಬಲ್, ಕ್ಲಚ್ ಕೇಬಲ್ ಹಿಡಿದು ವಾಪಸ್ ಹೋಗಲು ನೋಡುತ್ತದೆ. ಕೇಬಲ್ ಬಿಸಿಯಾಗಿ ಹಿಡಿದುಕೊಳ್ಳುವುದೂ ಉಂಟು.

ಕಾಯಿಲ್ ವೈರ್ ತೆಗೆಯಿರಿ, ಇಂಜಿನ್ ಸ್ಟಾರ್ಟ್ ಆಗಬಾರದು. ಮೀಟರಿನ ಒಂದು ಮುಳ್ಳು ಬ್ಯಾಟರಿ ನೆಗೆಟಿವ್ ಕಂಬಕ್ಕೆ, ಇನ್ನೊಂದು ಇಂಜಿನ್ ಕೇಸಿನ ಬರಿ ಲೋಹಕ್ಕೆ. ಒಬ್ಬರು ಸೆಲ್ಫ್ ಹೊಡೆಯಲಿ. ಅರ್ಧ ವೋಲ್ಟ್ ದಾಟಿದರೆ ಅರ್ತ್ ಸರಿ ಇಲ್ಲ. ಹಾಗೇ ಬ್ಯಾಟರಿಯ ಎರಡು ಕಂಬಗಳ ಮಧ್ಯೆಯೂ ನೋಡಿ. ಒಳ್ಳೆ ಬ್ಯಾಟರಿ ಇದ್ದೂ 9.6 ವೋಲ್ಟಿಗಿಂತ ಕೆಳಗೆ ಬಿದ್ದರೆ ಮೋಟಾರ್ ಅತಿಯಾಗಿ ಎಳೆಯುತ್ತಿದೆ ಅಂತ.

ನೀಲಿಬೀಟಲ್

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಫಲಿತಾಂಶ ಹೇಳುತ್ತೇನೆ.

ಇಂಜಿನ್ ಕೇಸಿಗೂ ಬ್ಯಾಟರಿ ನೆಗೆಟಿವ್‌ಗೂ ಮಧ್ಯೆ 1.9 ವೋಲ್ಟ್! ಪಟ್ಟಿ ಇತ್ತು, ಆದರೆ ಬಾಡಿ ಕಡೆಯ ತುದಿ ಬಣ್ಣದ ಮೇಲೆ ಕೂತಿತ್ತು. ಲೋಹ ಕಾಣುವ ತನಕ ಉಜ್ಜಿ ಬಿಗಿದ ಮೇಲೆ 0.2ಕ್ಕೆ ಇಳಿಯಿತು. ಎಳೆತ ಚುರುಕಾಯಿತು. ಆದರೂ ‘ಕ್ರೀಚ್’ ಹೋಗಲಿಲ್ಲ, ಬ್ಯಾಟರಿ ಇನ್ನೂ 9ಕ್ಕೆ ಬೀಳುತ್ತಿತ್ತು.

ಆಮೇಲೆ ಸ್ಟಾರ್ಟರ್ ಇಳಿಸಿದೆ. ಬುಷ್ ಒಳಗೆ ವರ್ನಿಯರ್ ಇಟ್ಟರೆ 12.6, ಶಾಫ್ಟ್ 10.9. ಬುಷ್ ಹಳೆಯದೇ! ಸ್ಟಾರ್ಟರ್ ತೆರೆದು ನೋಡಿದರೆ ಆರ್ಮೇಚರ್ ಮೇಲೆ ಸುತ್ತಲೂ ಕನ್ನಡಿಯಂತೆ ಹೊಳೆಯುವ ಉಜ್ಜಿದ ಪಟ್ಟೆ. ತಂತಿ ಸುತ್ತು ಮಾತ್ರ ಪುಣ್ಯಕ್ಕೆ ಉಳಿದಿದೆ. ಫ್ಲೈವೀಲ್ 130 ಹಲ್ಲಿನದು, ಬೆಲ್ ಹೌಸಿಂಗ್‌ನಲ್ಲಿ ಯಾರೋ ಮೊದಲೇ ಉಜ್ಜಿ ಜಾಗ ಮಾಡಿದ್ದಾರೆ. ಕೈಯಲ್ಲಿ ತಿರುಗಿಸಿದರೆ ಎಲ್ಲೂ ತಗುಲುವುದಿಲ್ಲ.

ಹೊರಗೆ 6 ವೋಲ್ಟ್ ಅಳತೆ, ಒಳಗೆ 12 ವೋಲ್ಟ್ ಅಳತೆ ಇರುವ ಅಡಾಪ್ಟರ್ ಬುಷ್ ಸಿಕ್ಕಿದೆ. ಹಾಕುವ ಮೊದಲು ಗಮನಿಸಬೇಕಾದ್ದು ಏನಾದರೂ ಇದೆಯಾ?

ಗೇರ್‌ಪೆಟ್ಟಿಗೆ

ಓದಿ ಖುಷಿಯಾಯಿತು. ಹಳೆ ಬುಷ್ ಒಳಗೆ ಟ್ಯಾಪ್ (ತೂತಿಗೆ ಥ್ರೆಡ್ ಕೊರೆಯುವ ಉಪಕರಣ) ತಿರುಗಿಸಿ ಎಳೆದರೆ ಬಂದುಬಿಡುತ್ತದೆ. ಹೊಸದನ್ನು ರಾತ್ರಿಯಿಡೀ ಇಂಜಿನ್ ಆಯಿಲ್‌ನಲ್ಲಿ ಮುಳುಗಿಸಿಡಿ, ಆ ಲೋಹ ಎಣ್ಣೆ ಹೀರಿಕೊಳ್ಳುತ್ತದೆ. ನೇರವಾಗಿ ಕೂರಿಸಿ, ಓರೆಯಾದರೆ ಶಾಫ್ಟ್ ಬಿಗಿಯುತ್ತದೆ. ಸ್ಟಾರ್ಟರ್‌ನ ಮೇಲಿನ ಬೋಲ್ಟ್ ಇಂಜಿನ್ನನ್ನೂ ಹಿಡಿದಿರುವ ಬೋಲ್ಟ್. ಅದನ್ನು ಕೊನೆಗೆ ಸರಿಯಾಗಿ ಬಿಗಿಯಿರಿ.

ಸ್ಟಾರ್ಟರ್ ಬಿಚ್ಚಿ ಇಳಿಸಿರುವಾಗಲೇ ಟಾರ್ಚ್ ಹಿಡಿದು ಆ ತೂತಿನಿಂದ ಫ್ಲೈವೀಲ್ ಹಲ್ಲು ನೋಡಿ. ಇಷ್ಟು ದಿನ ಪಿನಿಯನ್ ಓರೆಯಾಗಿ ಕಚ್ಚಿದೆ. ನಾಲ್ಕು ಸಿಲಿಂಡರ್ ಇಂಜಿನ್ ಸಾಮಾನ್ಯವಾಗಿ ಎದುರುಬದುರು ಎರಡು ಜಾಗದಲ್ಲೇ ನಿಲ್ಲುತ್ತದೆ, ಸವೆತವೂ ಅಲ್ಲೇ ಜಾಸ್ತಿ. ಹಾಗಾಗಿ ಒಂದು ಕಡೆ ಮಾತ್ರ ನೋಡಬೇಡಿ, 21ರ ಸ್ಪ್ಯಾನರ್‌ನಲ್ಲಿ ತಿರುಗಿಸುತ್ತಾ ಪೂರ್ತಿ ಸುತ್ತು ನೋಡಿ. ಹಲ್ಲಿನ ಅಂಚು ಬರೀ ಮೊಂಡಾಗಿದ್ದರೆ ಪರವಾಗಿಲ್ಲ. ತುಂಡಾಗಿದ್ದರೆ ಫೋಟೋ ಹಾಕಿ, ಮುಂದೇನು ಅಂತ ನೋಡೋಣ.